ಆರಿತು ಎನ್ನಬಾರದ ಮನೆ

ಕಮಲಾಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಯವನು ಊರ ಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಜೋಳದ ಡಬ್ಬಿಯ ಜೊತೆಗೇ ಅದು ಬರುತ್ತದೆ. ಎಂಥ ಗದ್ದಲದಲ್ಲೂ ನನ್ನ ಕಿವಿ ಮಾತ್ರ ಚುರುಕಾಗಿರುತ್ತದೆ ಎಂದು ಹೆಂಡತಿ ಅಣಕಿಸುತ್ತಾಳೆ. ಅಣಕಿಸಲಿ. ಈಗ ಹೇಳುತ್ತಿರುವುದು ಡಬ್ಬಿಯ ಜೊತೆ ಬಂದ ಸುದ್ದಿಯಲ್ಲ. ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ನನ್ನ ಕಣ್ಣೆದುರೇ ಬೆಳೆದ ಚಂದ್ರಶಾ ಮತ್ತು ಅವನ ತಾಯಿ ಮಾಳಮ್ಮನ ಸಂಗತಿ.

ಮಾಳಮ್ಮನಿಗೆ ಮಡಿ ಬಹಳ. ನೀರಿನ ಮಡಿ ಅಲ್ಲ, ನಾಲಿಗೆಯ ಮಡಿ. ಅವಳ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಜೋಳ ತೀರುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ನನ್ನ ಹೆಂಡತಿ ಸೊಲ್ಲಾಪುರದ ಕಡೆಯವಳು. ಲಗ್ನವಾಗಿ ಬಂದ ಹೊಸತರಲ್ಲಿ, "ನಮ್ಮ ಮನ್ಯಾಗ ಜ್ವಾಳ ಹೆಚ್ಚ್ಯಾವ" ಎಂದು ಮಾಳಮ್ಮ ಹೇಳಿದ್ದು ಕೇಳಿ, ಹೆಚ್ಚಾಗಿದ್ದರೆ ನಮಗೊಂದು ಸೇರು ಕೊಡಿ ಎಂದು ಡಬ್ಬಿ ಹಿಡಿದು ಹೋಗಿಬಿಟ್ಟಿದ್ದಳು. ಓಣಿಯ ಹೆಂಗಸರು ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಇಂಥ ಮಾತುಗಳು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದವೇ. ಆದರೆ ದೀಪದ ವಿಷಯಕ್ಕೆ ಬಂದರೆ ಮಾಳಮ್ಮನದು ಅತಿ. ದೇವರ ಮುಂದಿನ ದೀಪ ಆರಿಸು ಎಂದು ಅಪ್ಪಿತಪ್ಪಿ ಮಕ್ಕಳು ಅಂದರೆ ಎದ್ದು ಬಂದು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. "ದೊಡ್ಡದು ಮಾಡು ಅನ್ನು" ಎಂದು ಅನ್ನಿಸಿಯೇ ಕೈ ತೆಗೆಯುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅವಳ ಗಂಡ ಕಲಬುರಗಿಯ ನೆಹರು ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ. ತೊಗರಿ ಚೀಲ ಹೊತ್ತು ಇಳಿಯುವಾಗ ಕಾಲು ಜಾರಿ ಬಿದ್ದು ದವಾಖಾನೆ ಸೇರಿದ. ಹಾಗೆ ಅವನು ಮಲಗಿದ್ದ ದಿನಗಳಲ್ಲೇ ಒಂದು ಸಂಜೆ ಗಾಳಿ ಎದ್ದಿತು. ಇನ್ನೂ ಶಾಲೆಯ ಮುಖ ಕಾಣದ ಚಂದ್ರಶಾ ದೇವರ ಗೂಡಿನ ಕಡೆ ಬೆರಳು ಮಾಡಿ, "ಯವ್ವಾ, ಆರ್ತು" ಎಂದ. ಹಂಚಿನ ಮೇಲಿನ ರೊಟ್ಟಿ ಬೇಯುವಷ್ಟರಲ್ಲಿ ಅಂಗಳದಲ್ಲಿ ಜೀಪು ಬಂದು ನಿಂತಿತು. ಗಂಡ ಹೋಗಿಬಿಟ್ಟಿದ್ದ.

ಗಾಳಿ ಬೀಸಿದರೆ ದೀಪ ಆರುತ್ತದೆ, ಮಗು ಕಂಡದ್ದನ್ನು ಹೇಳುತ್ತದೆ, ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಇದನ್ನು ಮಾಳಮ್ಮನ ಮುಂದೆ ಅಂದೂ ಬಿಟ್ಟೆ. ಅವಳು ಸಿಟ್ಟು ಮಾಡಲಿಲ್ಲ. "ಅದು ನಿಮ್ಮ ಮನಿ ದೀಪ ಅಲ್ಲ ಶಿವಶರಣಣ್ಣ" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಇಂಥ ತಾಯಿಯ ಮಗ ಬೆಂಕಿ ಆರಿಸುವ ನೌಕರಿಗೇ ಗಂಟುಬೀಳಬೇಕೆ?

ಅವನು ಕಾಲೇಜಿನಲ್ಲಿದ್ದಾಗ ಊರ ಹೊರಗೆ ಒಂದು ಜೋಳದ ಕಣಕಿ ಬಣವಿಗೆ ಬೆಂಕಿ ಬಿತ್ತು. ಕೊಡ, ಬಕೆಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಎಲ್ಲರೂ ಓಡಿದೆವು. ಕಲಬುರಗಿಯಿಂದ ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಬಣವಿ ಮುಗಿದು ಪಕ್ಕದ ದನದ ಕೊಟ್ಟಿಗೆಗೆ ಹತ್ತಿತ್ತು. ಗಾಡಿಯಿಂದ ಇಳಿದವರಲ್ಲಿ ಒಬ್ಬ ಒದ್ದೆ ಗೋಣಿಚೀಲ ತಲೆಗೆ ಹೊದ್ದು ಒಳಗೆ ನುಗ್ಗಿದ, ಕಟ್ಟಿದ್ದ ಆಕಳ ಹಗ್ಗ ಕೊಯ್ದು ಹೊರಗೆ ಅಟ್ಟಿದ. ಎಲ್ಲ ಮುಗಿದ ಮೇಲೆ ಕೆಮ್ಮುತ್ತ ಕಟ್ಟೆಯ ಮೇಲೆ ಕೂತವನಿಗೆ ಚಂದ್ರಶಾ ತಂಬಿಗೆ ನೀರು ಕೊಟ್ಟ. ಆತ ಗಟಗಟ ಕುಡಿದು, ಮುಖ ಒರೆಸಿಕೊಂಡು, "ಆರ್ತಪಾ" ಎಂದು ನಕ್ಕ.

"ಆ ಮಾತು ನಕ್ಕೋತ ಅನ್ನಬಹುದು ಅಂತ ನಂಗ ಗೊತ್ತೇ ಇರಲಿಲ್ಲ ಕಾಕಾ" ಎಂದು ಚಂದ್ರಶಾ ಮರುದಿನ ಗಿರಣಿಗೆ ಬಂದು ಹೇಳಿದ. ಅವನ ಹಟ ಅಲ್ಲಿಂದ ಶುರುವಾಯಿತು.

ಬೆಳಗಾದರೆ ಹೆದ್ದಾರಿಯ ಪಕ್ಕದಲ್ಲಿ ಓಟ, ಬೇವಿನ ಮರಕ್ಕೆ ಹಗ್ಗ ಕಟ್ಟಿ ಹತ್ತುವುದು, ಸಂಜೆ ಓದು. ನನ್ನ ಗಿರಣಿಯ ಹಿಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ಓಣಿಯುದ್ದ ಓಡುತ್ತಿದ್ದ. ಪುಕ್ಕಟೆ ಹಮಾಲ ಸಿಕ್ಕನೆಂದು ನಾನೂ ಸುಮ್ಮನಿದ್ದೆ. ಮಾಳಮ್ಮನಿಗೆ ಪೊಲೀಸ್ ಪರೀಕ್ಷೆ ಎಂದು ಹೇಳಿಟ್ಟಿದ್ದ. ಆಯ್ಕೆಯಾದ ದಿನ ನಿಜ ಹೇಳಲೇಬೇಕಾಯಿತು. ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದ.

ಮಾಳಮ್ಮ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿ ಮೊರ ಕೆಳಗಿಟ್ಟಳು.

"ಊರ ಮಂದೀ ಬೆಂಕಿ ಶಾಂತ ಮಾಡಾಕ ನನ್ನ ಮಗನೇ ಬೇಕೇನು?"

"ಮಂದೀ ಮನಿ ಉಳಸೋದು ಪಾಪ ಅಲ್ಲವ್ವಾ."

"ಪಾಪ ಅನ್ನಲಿಲ್ಲ ನಾ. ದಿನಾ ಎದ್ದು ಆ ಮಾತು ಆಡೋ ಕೆಲಸ ಅದು. ಆಡಿ ಆಡಿ ಒಂದಿನ ನಿನಗೇ ತಗಲ್ತದ."

"ಯವ್ವಾ, ನಮ್ಮ ಕೆಲಸದಾಗ ಬೆಂಕಿ ಆರ್ತು ಅನ್ನೋದಕ್ಕಿಂತ..."

ಅವನ ಮಾತು ಮುಗಿಯಲಿಲ್ಲ. ಮಾಳಮ್ಮ ಎದ್ದು ಬಂದು, ತನಗಿಂತ ಎತ್ತರ ಬೆಳೆದ ಮಗನ ಬಾಯಿಗೆ ತುದಿಗಾಲ ಮೇಲೆ ನಿಂತು ಕೈ ಅಡ್ಡ ಹಿಡಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಡೆಗೆ ತಾಯಿ ಮಗ ತಮ್ಮತಮ್ಮಲ್ಲೇ ಒಂದು ಕರಾರು ಮಾಡಿಕೊಂಡರು. ಅವನು ಡ್ಯೂಟಿಗೆ ಹತ್ತುವ ಮುಂದೆ ಫೋನು ಮಾಡಬೇಕು, ಅವಳು ದೀಪ ಹಚ್ಚುತ್ತಾಳೆ. ಡ್ಯೂಟಿ ಇಳಿದ ಮೇಲೆ ಮತ್ತೆ ಫೋನು ಮಾಡಿ, "ಯವ್ವಾ, ದೊಡ್ಡದು ಮಾಡು" ಎನ್ನಬೇಕು. ಅವನು ಅನ್ನುವ ತನಕ ಆ ದೀಪ ಉರಿಯುತ್ತಲೇ ಇರಬೇಕು. ಅಷ್ಟಾದರೆ ಅವಳಿಗೆ ಜೀವದಲ್ಲಿ ಜೀವ. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಬಂದು ಕಲಬುರಗಿಯಲ್ಲಿ ಕೆಲಸಕ್ಕೆ ನಿಂತ ಮೇಲೆ ಅವನು ಇದನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಾಳಮ್ಮನಿಗೆ ಕಿವಿ ಸ್ವಲ್ಪ ಮಂದ, ಫೋನಿನ ಸ್ಪೀಕರ್ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಅವನ ದೊಡ್ಡದು ಮಾಡು ಎಂಬ ಮಾತು ನಮ್ಮ ಮನೆಗೂ ಕೇಳಿಸುತ್ತಿತ್ತು. ಕೇಳಿದ ಮೇಲೆ ನನ್ನ ಹೆಂಡತಿಯೂ ನಿರಾಳವಾಗಿ ಒಲೆ ಹಚ್ಚುತ್ತಿದ್ದಳು.

ರಜೆಗೆ ಬರುವಾಗ ಒಮ್ಮೊಮ್ಮೆ ತಮ್ಮ ಅಗ್ನಿಶಾಮಕ ಗಾಡಿಯ ಡ್ರೈವರ್ ವಕಾರನನ್ನು ಕರೆತರುತ್ತಿದ್ದ. ಸ್ಟೇಶನ್ ಬಜಾರದ ಹುಡುಗ, ಬಾಯಿ ತೆರೆದರೆ ಅರ್ಧ ಕನ್ನಡ ಅರ್ಧ ಉರ್ದು, ಮನಸ್ಸು ಮಾತ್ರ ಪೂರಾ ಚಿನ್ನ. ಮಾಳಮ್ಮನ ಎಣ್ಣೆಗಾಯಿ, ಸಜ್ಜೆ ರೊಟ್ಟಿ ಎಂದರೆ ಅವನಿಗೆ ಪ್ರಾಣ. ದೀಪದ ಕರಾರು ಕೇಳಿ ಅವನೇನೂ ನಗಲಿಲ್ಲ.

"ನಮ್ಮ ಅಮ್ಮೀನೂ ಹಂಗೇ ಅವ್ವಾ. ದೀಪಕ್ಕ ಚಿರಾಗ್ ಬುಝಾವ್ ಅನ್ನಂಗಿಲ್ಲ, ಬಢಾವ್ ಅನ್ನಬೇಕು. ಬಢಾವ್ ಅಂದ್ರ ದೊಡ್ಡದು ಮಾಡೂದೇ."

"ಹಂಗಾದ್ರ ನಿಮ್ಮವ್ವ ಶಾಣ್ಯಾಕಿ" ಎಂದು ಮಾಳಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಒಂದು ಬೇಸಿಗೆಯಲ್ಲಿ ಕಲಬುರಗಿ ಹತ್ತಿರದ ನಂದೂರಿನ ಬೇಳೆ ಮಿಲ್ಲಿಗೆ ಬೆಂಕಿ ಹತ್ತಿತು. ಮಧ್ಯಾಹ್ನ ಗಿರಣಿಯಲ್ಲಿ ಸರದಿಗೆ ನಿಂತವಳೊಬ್ಬಳ ಮೊಬೈಲಿಗೆ ವಿಡಿಯೋ ಬಂತು. ಕರೀ ಹೊಗೆ, ಕೆಂಪು ಗಾಡಿ, ಓಡುವ ಜನ. ಮಾಳಮ್ಮ ಕೂಡ ಹಿಟ್ಟಿಗೆಂದು ಅಲ್ಲೇ ನಿಂತಿದ್ದಳು. ನೋಡಿದಳು, ಡಬ್ಬಿ ಬಿಟ್ಟು ಮನೆಗೆ ನಡೆದಳು. ನಾನು ಗಿರಣಿ ನಿಲ್ಲಿಸಿ ಹೆಂಡತಿಯನ್ನು ಕರೆದುಕೊಂಡು ಹಿಂದೆಯೇ ಹೋದೆ.

ದೇವರ ಮುಂದೆ ಕೂತು, ಬೆಳಿಗ್ಗೆ ಮಗನ ಫೋನು ಬಂದಾಗ ಹಚ್ಚಿದ್ದ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಳು. ಗಾಳಿಗೆಂದು ಎರಡೂ ಕಿಟಕಿ ಮುಚ್ಚಿದ್ದಳು. ಸೆಕೆಗೆ ಬೆವರು ಇಳಿಯುತ್ತಿತ್ತು. ಏನೂ ಆಗಂಗಿಲ್ಲ ಬಿಡು ಎಂದು ನಾವು ಅಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ. ನಾವು ಹೊಸ್ತಿಲಲ್ಲೇ ಕೂತೆವು. ಡ್ಯೂಟಿ ಇಳಿಯುವ ಹೊತ್ತು ದಾಟಿ ಹೋಯಿತು. ಫೋನು ಬರಲಿಲ್ಲ.

ಅಲ್ಲಿ ಏನಾಯಿತೆಂಬುದು ನಮಗೆ ಆಮೇಲೆ ಗೊತ್ತಾಯಿತು. ಮಿಲ್ಲಿನ ಹಿಂಭಾಗದಲ್ಲಿ ಕಾಳು ಆರಿಸುವ ಹೆಂಗಸೊಬ್ಬಳು ಚೀಲಗಳ ಮರೆಯಲ್ಲಿ ಸಿಕ್ಕಿಬಿದ್ದಿದ್ದಳು. ಚಂದ್ರಶಾ ಹೋಗಿ ಅವಳನ್ನು ಹೊತ್ತು ತಂದ. ತರುವಾಗ ತನ್ನ ಮುಖವಾಡ ಅವಳ ಮುಖಕ್ಕೆ ಹಾಕಿದ್ದ. ಹೊರಗೆ ಬಂದವನ ಎದೆಯ ತುಂಬ ಹೊಗೆ. ಆಂಬುಲೆನ್ಸಿನಲ್ಲಿ ಮಲಗಿಸಿ ಆಕ್ಸಿಜನ್ ಹಚ್ಚಿದರು. ಗಂಟಲಿನಿಂದ ಮಾತು ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ವಕಾರನಿಗೆ ತನ್ನ ಫೋನು ತೋರಿಸಿ, ಎರಡೂ ಅಂಗೈ ಅಗಲಿಸಿ ಸನ್ನೆ ಮಾಡಿದ. ದೊಡ್ಡದು. ವಕಾರನಿಗೆ ತಿಳಿಯಿತು.

ವಕಾರನೂ ಮಧ್ಯಾಹ್ನದಿಂದ ನೀರು ಹೊಡೆದು ಬಸವಳಿದಿದ್ದ. ಬೆಂಕಿ ಆಗಷ್ಟೇ ಹತೋಟಿಗೆ ಬಂದಿತ್ತು. ಹೆಂಗಸು ಉಳಿದಿದ್ದಳು, ಗೆಳೆಯ ಉಳಿದಿದ್ದ, ಸುತ್ತ ನಿಂತವರೆಲ್ಲ ಒಬ್ಬರಿಗೊಬ್ಬರು ಅದೊಂದೇ ಮಾತು ಹೇಳುತ್ತಿದ್ದರು. ಆ ಸಂತೋಷದಲ್ಲಿ ಅವನು ಚಂದ್ರಶಾನ ಫೋನಿನಿಂದ ಕರೆ ಮಾಡಿದ.

ಇಲ್ಲಿ ಫೋನು ಬಡಿದುಕೊಂಡಿತು. ಮಾಳಮ್ಮ ಎತ್ತಿ, "ಅಪ್ಪಾ ಚಂದ್ರ" ಎಂದಳು. ಮಗನ ದನಿಯ ಬದಲು ಬೇರೆ ದನಿ ಬಂತು. "ಅವ್ವಾ, ಆರ್ತು. ಆರ್ತವ್ವಾ." ಅಷ್ಟರಲ್ಲಿ ಲೈನು ಹೋಯಿತು.

"ಬೆಂಕಿ ಆರ್ಯದ ಅಂತ ಹೇಳಾಕತ್ತಾನ ಮಾಳಮ್ಮ, ವಕಾರ ಅವ" ಎಂದು ನಾನು ಎದ್ದು ಕೂಗಿದೆ. ಅವಳು ನನ್ನ ಕಡೆ ನೋಡಲಿಲ್ಲ, ದೀಪದ ಕಡೆ ನೋಡಿದಳು. ದೀಪ ಉರಿಯುತ್ತಲೇ ಇತ್ತು. ಏನೋ ಅನ್ನಲು ಹೋದಳು, ಬಾಯಿ ಒಂದು ಕಡೆಗೆ ಜಗ್ಗಿತು. ಹಾಗೇ ಹೊರಳಿ ನನ್ನ ಹೆಂಡತಿಯ ಮಡಿಲಿಗೆ ಬಿದ್ದಳು. ವಕಾರ ಮತ್ತೆ ಫೋನು ಮಾಡಿ, ಚಂದ್ರಶಾ ಆರಾಮ ಇದ್ದಾನೆ, ದೀಪ ದೊಡ್ಡದು ಮಾಡು ಎಂದು ಹೇಳಿದ್ದಾನೆ ಎಂದಾಗ ಆ ಮಾತು ಕೇಳಿದವನು ನಾನು.

ಲಕ್ವಾ ಹೊಡೆದಿತ್ತು. ಕಲಬುರಗಿಯ ಒಂದೇ ದವಾಖಾನೆಯಲ್ಲಿ ಮಗ ಕೆಳಗೆ, ತಾಯಿ ಮೇಲೆ. ಅಂದು ಹಚ್ಚಿದ ಆ ದೀಪವನ್ನು ದೊಡ್ಡದು ಮಾಡಲು ನಮಗೆ ಯಾರಿಗೂ ನೆನಪಾಗಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಎಣ್ಣೆ ಇರುವ ತನಕ ಉರಿದಿರಬೇಕು.

ಮಾಳಮ್ಮನ ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಮಹಾಗಾಂವದಲ್ಲಿ ಸಂಸಾರ ಹೂಡಿದ್ದ ಮಗಳು ಭಾಗ್ಯಜ್ಯೋತಿ ಬಂದು ನಿಂತಳು. ಒಂದು ಮುಂಜಾನೆ ಅವಳು ನೀರು ಕುಡಿಸುವಾಗ ಮಾಳಮ್ಮ ಬಾಯಿ ತೆರೆದು ಒಂದು ಮಾತು ಆಡಿದಳು. ಭಾಗ್ಯಜ್ಯೋತಿ ಹಿಗ್ಗಿ ಹತ್ತಿರ ಬಾಗಿದಳು. ಮತ್ತೆ ಅದೇ ಮಾತು ಬಂತು.

"ಆರ್ತು."

ಹಸಿವಾದರೂ ಅದೇ, ನೀರಡಿಸಿದರೂ ಅದೇ, ಮಗಳನ್ನು ಕರೆಯಬೇಕಾದರೂ ಅದೇ. ಕೆಲವರಿಗೆ ಹೀಗೆ ಕೊನೆಗೆ ಕೇಳಿದ ಮಾತೊಂದೇ ಉಳಿದುಬಿಡುವುದುಂಟು ಎಂದು ಡಾಕ್ಟರು ಹೇಳಿದರು. ಎಷ್ಟು ಸಾವಿರ ಮಾತು ಇದ್ದವು ಆ ಬಾಯಲ್ಲಿ. ದೇವರು ಅಷ್ಟನ್ನೂ ಕಿತ್ತುಕೊಂಡು, ಜನ್ಮವಿಡೀ ಅವಳು ಹೊಸ್ತಿಲ ಹೊರಗಿಟ್ಟ ಅದೊಂದನ್ನೇ ಉಳಿಸಿದ. ನನಗೆ ಆ ದೇವರ ಮೇಲೆ ಇನ್ನೂ ಸಿಟ್ಟಿದೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳಿಗೆ ತಿಳಿಯುತ್ತಿತ್ತು. ಮಾತು ಹೊರಬಿದ್ದ ಕೂಡಲೇ ಎಡಗೈಯಿಂದ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮಗನನ್ನು ಕಂಡರಂತೂ ಹಲ್ಲು ಕಚ್ಚಿ ತುಟಿ ಬಿಗಿಹಿಡಿಯುತ್ತಿದ್ದಳು.

ಗುಣವಾಗಿ ಊರಿಗೆ ಬಂದ ಚಂದ್ರಶಾ ವಕಾರನ ಜೊತೆ ಮಾತು ಬಿಟ್ಟ. ವಕಾರ ರಜೆ ಸಿಕ್ಕಾಗೊಮ್ಮೆ ಬಂದು, ಒಳಗೆ ಕಾಲಿಡದೆ ಅಂಗಳದಲ್ಲಿ ನಿಂತು ಹೋಗುತ್ತಿದ್ದ. "ನಮ್ಮ ಮನ್ಯಾಗೂ ಇರೂ ಮಾತು ಕಾಕಾ. ಗೊತ್ತಿದ್ದೂ ಹೆಂಗ ಮರ್ತೆ ನಾನು" ಎಂದು ನನ್ನ ಗಿರಣಿಯಲ್ಲಿ ಕೂತು ಅತ್ತ. ಅವನು ತಂದದ್ದು ಒಳ್ಳೆಯ ಸುದ್ದಿ. ಅವರ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿಯೇ ಇಲ್ಲ.

ಚಂದ್ರಶಾ ನೌಕರಿ ಬಿಡುತ್ತೇನೆಂದ. "ಅವ್ವ ಅಂದಂಗೇ ಆತು ಕಾಕಾ. ಆ ಮಾತು ತಗಲ್ತು. ನಂಗ ತಗಲೋದು ಆಕಿಗಿ ತಗಲ್ತು." ನಾನು ಬುದ್ಧಿ ಹೇಳಲು ಹೋಗಲಿಲ್ಲ. ಒಮ್ಮೆ ಮಾಳಮ್ಮನಿಗೆ ಹೇಳಿ ಏನು ಕಂಡಿದ್ದೆನೋ ಅದು ಸಾಕಾಗಿತ್ತು.

ರಜೆ ಮುಗಿದ ದಿನ ಬೆಳಿಗ್ಗೆ ಅವನು ಖಾಕಿ ಹಾಕಿಕೊಂಡ. ಸಾಹೇಬರ ಮುಂದೆ ನಿಂತು, ನೌಕರಿ ಬಿಡುತ್ತೇನೆಂದು ಹೇಳಿ ಬರಲು ಹೊರಟಿದ್ದ. ವಕಾರ ಅಂಗಳದಲ್ಲಿ ಬೈಕು ನಿಲ್ಲಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಮಾಳಮ್ಮನ ಮಂಚ ಪಡಸಾಲೆಯಲ್ಲಿ ಇತ್ತು. ಚಂದ್ರಶಾ ಕಾಲು ಮುಟ್ಟಿ, "ಬರ್ತೀನವ್ವಾ" ಎಂದ.

ಅವಳು ಖಾಕಿಯನ್ನು ನೋಡಿದಳು. ಹೋಗಿ ಬಾ ಎನ್ನಬೇಕಿತ್ತೋ, ಹೋಗಬೇಡ ಎನ್ನಬೇಕಿತ್ತೋ, ಯಾರಿಗೆ ಗೊತ್ತು. ಕಚ್ಚಿದ ಹಲ್ಲು ಸಡಿಲಿ ಅದೇ ಮಾತು ಹೊರಬಿತ್ತು. "ಆರ್ತು." ಭಾಗ್ಯಜ್ಯೋತಿ ಮುಖ ತಿರುಗಿಸಿದಳು. ಮಾಳಮ್ಮನ ಎಡಗೈ ಗಡಬಡಿಸಿ ಬಾಯಿಗೆ ಹೋಯಿತು.

ಚಂದ್ರಶಾ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಕೈಯನ್ನು ಬಾಯಿಂದ ಮೆಲ್ಲಗೆ ತೆಗೆದ.

"ಅನ್ನವ್ವಾ. ಮುಚ್ಚಿಕೋಬ್ಯಾಡ. ನಂದೂರಾಗ ಆ ಹೆಣ್ಮಗಳನ್ನ ಹೊರಗ ತಂದಾಗ ಎಲ್ಲಾರೂ ಇದೇ ಮಾತು ಅಂದಾರ. ಆಕಿ ಮಕ್ಕಳೂ ಅಂದಾವ."

ಆಮೇಲೆ ದೇವರ ಗೂಡಿಗೆ ಹೋಗಿ, ಅಂದಿನಿಂದ ಯಾರೂ ಮುಟ್ಟದ ಹಣತೆ ತೊಳೆದು ತಂದು, ಅವಳ ಎಡಗೈಗೆ ಕಡ್ಡಿ ಕೊಟ್ಟು ಹಚ್ಚಿಸಿದ. ಅಂಗಳಕ್ಕೆ ಇಳಿದು, "ನಡಿ ವಕಾರ, ಡ್ಯೂಟಿಗಿ ಹೊತ್ತಾತು" ಎಂದ. ಸಾಹೇಬರ ಮುಂದೆ ಹೇಳಬೇಕೆಂದಿದ್ದ ಮಾತನ್ನು ಅವನು ಹೇಳಲೇ ಇಲ್ಲ.

ಈಗಲೂ ಅವನು ಡ್ಯೂಟಿ ಇಳಿದ ಮೇಲೆ ಫೋನು ಮಾಡುತ್ತಾನೆ. ಭಾಗ್ಯಜ್ಯೋತಿ ಸ್ಪೀಕರ್ ಹಾಕಿ ತಾಯಿಯ ಕಿವಿಯ ಹತ್ತಿರ ಹಿಡಿಯುತ್ತಾಳೆ. ಆ ಹೊತ್ತಿಗೆ ನಾನು ಗಿರಣಿ ನಿಲ್ಲಿಸುತ್ತೇನೆ.

"ಯವ್ವಾ, ದೊಡ್ಡದು ಮಾಡು" ಎನ್ನುತ್ತಾನೆ.

"ಆರ್ತು" ಎನ್ನುತ್ತಾಳೆ ಅವಳು, ಅಳುತ್ತ.

"ಹೂಂ ಅವ್ವಾ" ಎನ್ನುತ್ತಾನೆ ಅವನು. "ಇವತ್ತಿಂದೂ ಆರ್ತು."