ಮಾತ್ರೆ ಕೊಂಡು ತಂದ ಅತ್ತೆ

ಆಟೋಕ್ಲೇವ್ ಬಿಡುತ್ತಿದ್ದ ಆ ಉದ್ದನೆಯ 'ಸ್ಸ್' ಸದ್ದು ಈಗಲೂ ಕಿವಿಯಲ್ಲಿದೆ. ನಿವೃತ್ತಿಯ ಹಿಂದಿನ ವರ್ಷ. ಪುಣೆಯ ಕೋಥರೂಡದ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಗೈನಕಾಲಜಿಸ್ಟ್. ಆ ಯಂತ್ರದ ಹಬೆಯಲ್ಲಿ ಉಪಕರಣಗಳು ಶುದ್ಧವಾಗುತ್ತಿದ್ದಾಗ ಧಾರವಾಡ ಕಡೆಯ ಅತ್ತೆ, ಸೊಸೆ, ಐದು ತಿಂಗಳ ಕೂಸು ಒಳಗೆ ಬಂದರು. ಸೊಸೆ ವಿದ್ಯಾ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದವಳು, ಹೆರಿಗೆ ರಜೆಯಲ್ಲಿದ್ದಳು.

ಅವಳ ಸಿಸೇರಿಯನ್ ಮಾಡಿದವಳು ನಾನೇ. ಅಂದು ರಕ್ತಸ್ರಾವ ನಿಲ್ಲದೆ ಹುಡುಗಿ ಕೈತಪ್ಪುವುದರಲ್ಲಿದ್ದಳು. ಇಷ್ಟು ಬೇಗ ಮತ್ತೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ. ಈಗ ಕಾಂಡೋಮ್ ಹರಿದಿತ್ತು. ಮರುದಿನವೇ ಬಸಿರು ತಡೆಯುವ ಮಾತ್ರೆಗೆಂದು ಮೆಡಿಕಲ್ ಶಾಪಿಗೆ ಹೋಗಿದ್ದಾಳೆ. ಅಂಗಡಿಯವನು ಮೇಲಿಂದ ಕೆಳಗೆ ನೋಡಿದ್ದಕ್ಕೆ ತಲೆನೋವಿನ ಮಾತ್ರೆ ಕೊಂಡು ವಾಪಸಾಗಿದ್ದಾಳೆ. ನಾಲ್ಕನೆಯ ದಿನ ಅಳುತ್ತ ಅತ್ತೆಗೆ ಹೇಳಿದ್ದಾಳೆ.

ಅತ್ತೆ ಶಾಂತಾಬಾಯಿ ಚೀಲದಿಂದ ಅದೇ ಮಾತ್ರೆಯ ಪೊಟ್ಟಣ ತೆಗೆದು ಟೇಬಲ್ಲಿನ ಮೇಲಿಟ್ಟರು. "ನಾನ ಹೋಗಿ ತಂದೇನ್ರಿ ಡಾಕ್ಟ್ರಬಾಯಿ. ಯಾರಿಗೆ ಬೇಕು ಆಜಿ ಅಂತ ಅಂಗಡ್ಯಾಂವ ಮರಾಠ್ಯಾಗ ಕೇಳಿದ. ನನಗಪಾ ಅಂದೆ. ಪಟಕ್ಕನ ತೆಗದು ಕೊಟ್ಟ ಅಂವ."

ನಮ್ಮ ಕಾನ್ವೆಂಟಿನಲ್ಲಿ ಕರೇಜ್ ಎಂದರೆ ಪ್ರಾರ್ಥನೆ ಪುಸ್ತಕದ ಸಂತರದು. ಫ್ರ್ಯಾಂಕ್ಲಿ, ಅದು ಇಳಕಲ್ ಸೀರೆಯುಟ್ಟು ನನ್ನೆದುರು ಬಂದು ಕೂರುತ್ತದೆ ಎಂದುಕೊಂಡಿರಲಿಲ್ಲ.

"ಇದು ಬಸರು ತೆಗಿಯೂದಲ್ಲಲ್ರಿ?" ಎಂದು ಕೇಳಿದರು.

"ಅಲ್ರಿ. ನಿಲ್ಲದಂಗ ತಡೀತದ, ಅಷ್ಟ."

ಈ ಎಮರ್ಜೆನ್ಸಿ ಮಾತ್ರೆ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತದೆ, ಇಲ್ಲವೇ ಮುಂದೂಡುತ್ತದೆ. ಡಾಕ್ಟರ ಚೀಟಿ ಬೇಡ. ಮೂರು ದಿನದೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅಂದು ನಾಲ್ಕನೆಯ ದಿನ, ಆ ಗಡುವು ದಾಟಿತ್ತು. ಉಳಿದದ್ದು ಕಾಪರ್-ಟಿ. ಐದು ದಿನದೊಳಗೆ ಗರ್ಭಕೋಶದಲ್ಲಿ ಕೂರಿಸಿದರೆ ಮಾತ್ರೆಗಿಂತ ಖಾತರಿ, ಮುಂದೆಯೂ ವರ್ಷಗಟ್ಟಲೆ ಕಾಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ತೀರ್ಮಾನ ವಿದ್ಯಾಳದೇ ಆಗಬೇಕು. ಮನೆಯವರನ್ನು ಹೊರಗೆ ಕಳಿಸುವುದು ನನ್ನ ರೂಢಿ. ನಾನು ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ ಕೂಸನ್ನೆತ್ತಿಕೊಂಡು ಎದ್ದರು. "ನಾನಿದ್ರ ನಾಚತಾಳ. ನೀವಿಬ್ರೂ ಮಾತಾಡ್ರಿ."

ಬಾಗಿಲು ಮುಚ್ಚಿದ ಮೇಲೆ ವಿದ್ಯಾ ಮೆಲ್ಲಗೆ, "ಹಾಕ್ರಿ ಮೇಡಂ. ನಾ ಬದುಕಬೇಕು," ಎಂದಳು. ಪರೀಕ್ಷಿಸಿ ಅಂದೇ ಹಾಕಿದೆ. ಮುಂದಿನ ತಿಂಗಳ ಟೆಸ್ಟ್ ನೆಗೆಟಿವ್ ಬಂತು.

ಮಾತ್ರೆ ಅಂಗಡಿಯಲ್ಲಿದ್ದರೆ ಸಾಲದು, ಅದನ್ನು ಕೇಳುವ ಗಂಟಲೂ ಬೇಕು. ಯಾವ ಟೆಕ್ಸ್ಟ್‌ಬುಕ್ಕೂ ನನಗೆ ಇದನ್ನು ಹೇಳಿರಲಿಲ್ಲ.

ಶಾಂತಾಬಾಯಿಯವರನ್ನು ಕೊನೆಯ ಸಲ ಕಂಡದ್ದು ಬಸ್ ಸ್ಟಾಪಿನಲ್ಲಿ. ಮೊಮ್ಮಗಳು ಸೊಂಟದ ಮೇಲಿದ್ದಳು. ವಿದ್ಯಾ ಆಗಷ್ಟೇ ಕಂಪನಿ ಬಸ್ಸು ಹತ್ತಿದ್ದಳು. ಪಕ್ಕದಲ್ಲಿ ನಿಂತ ಪರಿಚಯದ ಹೆಂಗಸೊಬ್ಬರು, "ಇನ್ನೊಂದು ಯಾವಾಗ್ರಿ?" ಎಂದು ಕೇಳಿದರು.

"ಹಡಿಯಾಕಿ ಅಲ್ಲೆ ಬಸ್ಸಿನ್ಯಾಗ ಕೂತಾಳ, ಕೇಳ್ಕೊಂಡು ಬರ್ರಿ," ಎಂದರು ಶಾಂತಾಬಾಯಿ, ಮೊಮ್ಮಗಳ ಕೈ ಹಿಡಿದು ಟಾಟಾ ಮಾಡಿಸುತ್ತ.