ಆಗಸ್ಟ್ ಹದಿನಾಲ್ಕರ ನಾಲ್ಕನೆಯವನು

ಕಪ್ಲೋಂಗೊ ದಿಣ್ಣೆಯಲ್ಲಿ ದಿನವೆಂಬುದು ದನಗಳು ದೊಡ್ಡಿಯಿಂದ ಹೊರಟಾಗ ಶುರುವಾಗಿ, ಮರುದಿನ ಅವು ಮತ್ತೆ ಹೊರಡುವ ತನಕ ನಡೆಯುತ್ತದೆ. ನಡುವೆ ಬರುವ ರಾತ್ರಿಯೂ ಅದೇ ದಿನಕ್ಕೆ ಸೇರಿದ್ದು. ಮಕ್ಕಳಿಗೆ ಹೆಸರಿಡುವುದೂ ಹುಟ್ಟಿದ ಹೊತ್ತನ್ನು ನೋಡಿಯೇ. ಆದ್ದರಿಂದ ಒಂದು ವರ್ಷದ ಆಗಸ್ಟ್ ಹದಿನಾಲ್ಕರಂದು ಅಲ್ಲಿ ನಾಲ್ಕು ಮಕ್ಕಳು ಹುಟ್ಟಿದಾಗ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದನಗಳು ಹೊರಡುವಾಗ ಹುಟ್ಟಿದ ಹೆಣ್ಣುಮಗು ಚೆಲಿಮೊ ಆಯಿತು. ಬಿಸಿಲು ನೆತ್ತಿಗೇರಿದಾಗ ಹುಟ್ಟಿದವನು ಕಿಬೆಟ್. ಹೊತ್ತು ಮುಳುಗುವಾಗ ಹುಟ್ಟಿದವನು ಲಗಾಟ್. ಕತ್ತಲೆಯಲ್ಲಿ ಹುಟ್ಟಿದವನು ಕೆಮೊಯ್. ನಾಲ್ವರನ್ನೂ ಮೊದಲು ಕೈಯಲ್ಲಿ ಹಿಡಿದವಳು ಒಬ್ಬಳೇ ಸೂಲಗಿತ್ತಿ, ಕೆಮೊಯ್‌ನ ತಂದೆಯ ತಾಯಿ ತಪ್ಕಿಗೆನ್.

ಮೂವರು ದೊಡ್ಡ ಹೆಸರು ಮಾಡಿದರು. ಚೆಲಿಮೊ ದೇಶದ ವಾಲಿಬಾಲ್ ತಂಡಕ್ಕೆ ಸೇರಿದಳು. ಬಲೆಯ ಮೇಲೆ ಅವಳ ಕೈ ಕಂಡಿತೆಂದರೆ ಎದುರಾಳಿಗಳು ಹಿಂದೆ ಸರಿಯುತ್ತಿದ್ದರು. ಕಿಬೆಟ್ ಅಡ್ಡಗಂಬಗಳನ್ನೂ ನೀರಿನ ಗುಂಡಿಯನ್ನೂ ಹಾರುತ್ತಾ ಓಡುವ ಓಟದಲ್ಲಿ ಪಳಗಿದನು. ಲಗಾಟ್ ಸೈನ್ಯಕ್ಕೆ ಸೇರಿ ಬಾಕ್ಸರ್ ಆದನು. ಮೂವರ ಹುಟ್ಟುಹಬ್ಬವೂ ಒಂದೇ ದಿನವೆಂದು ಪತ್ರಿಕೆಗಳು ಬರೆದವು.

ನಾಲ್ಕನೆಯವನಾದ ಕೆಮೊಯ್ ಹಾಲು ಹೊತ್ತನು. ಬೆಳಗ್ಗೆ ಮನೆಮನೆಯ ಹಾಲನ್ನು ಕ್ಯಾನುಗಳಿಗೆ ಸುರಿದುಕೊಂಡು, ಮೋಟಾರ್‌ಸೈಕಲ್ಲಿನ ಎರಡು ಪಕ್ಕಗಳಲ್ಲಿ ಕಟ್ಟಿಕೊಂಡು, ಕೆಮ್ಮಣ್ಣಿನ ಇಳಿಜಾರಿನಲ್ಲಿ ಜಾರದೆ ಹಾಲಿನ ಶೀತಲ ಕೇಂದ್ರಕ್ಕೆ ಮುಟ್ಟಿಸುವುದು ಅವನ ಕೆಲಸ. ಎದುರಿಗೆ ಸಿಕ್ಕವರು, "ಏನಪ್ಪಾ ನಾಲ್ಕನೆಯವನೇ, ನಿನ್ನ ಪದಕ ಎಲ್ಲಿ?" ಎಂದು ಕೇಳಿದರೆ, "ಕ್ಯಾನಿನ ತಳದಲ್ಲಿದೆ, ಕುಡಿದು ಖಾಲಿ ಮಾಡಿ, ಸಿಗುತ್ತೆ" ಎನ್ನುತ್ತಿದ್ದನು.

ಅವನಿಗೆ ಇನ್ನೊಂದು ಕೆಲಸವೂ ಬರುತ್ತಿತ್ತು. ಅದು ಗಂಡಸರ ಕೆಲಸವಲ್ಲ. ಸೋರೆಬುರುಡೆಯಲ್ಲಿ ಹಾಲನ್ನು ಹುಳಿಗಟ್ಟಿಸಿ ಮುರ್ಸಿಕ್ ಮಾಡುವುದು ಹೆಂಗಸರ ಪಾಲಿನದು. ತಪ್ಕಿಗೆನ್‌ಗೆ ಹೆಣ್ಣುಮಕ್ಕಳಿರಲಿಲ್ಲ. ಕೈ ನಡುಗತೊಡಗಿದಾಗ ಅವಳು ಆ ವಿದ್ಯೆಯನ್ನು ಮೊಮ್ಮಗನಿಗೇ ಹೇಳಿಕೊಟ್ಟಳು. ಯಾವ ಮರದ ಕಡ್ಡಿಯನ್ನು ಕೆಂಡ ಮಾಡಬೇಕು, ಬುರುಡೆಯ ಒಳಮೈಗೆ ಅದನ್ನು ಹೇಗೆ ಉಜ್ಜಬೇಕು, ಕರಿಯನ್ನು ಎಷ್ಟು ಉಳಿಸಿ ಎಷ್ಟು ಕೊಡವಬೇಕು, ಕಾಯಿಸಿ ಆರಿಸಿದ ಹಾಲನ್ನು ತುಂಬಿ ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲವನ್ನೂ ಅವನು ಕಲಿತನು. ಮೊದಮೊದಲು ಊರಿನ ಹೆಂಗಸರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ರುಚಿ ನೋಡಿದ ಮೇಲೆ ತಮ್ಮ ಬುರುಡೆಗಳನ್ನೂ ಅವನ ಬಳಿಗೇ ಕಳುಹಿಸತೊಡಗಿದರು.

ಗೆದ್ದು ಬಂದ ಮಗ ಅಥವಾ ಮಗಳಿಗೆ ತಾಯಿಯ ಬುರುಡೆಯಿಂದ ಮುರ್ಸಿಕ್ ಕುಡಿಸಿ ಬರಮಾಡಿಕೊಳ್ಳುವುದು ಆ ಸೀಮೆಯ ವಾಡಿಕೆ. ಕಪ್ಲೋಂಗೊದಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಕುಡಿಯುವವನು ಮೊದಲು, "ಇದು ಯಾರ ಬುರುಡೆ?" ಎಂದು ಕೇಳಬೇಕು. ಹಿಡಿದವಳು ಒಡತಿಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೆಸರೆಂದರೆ ತವರಿನಲ್ಲಿ ಇಟ್ಟ ಹೆಸರಲ್ಲ. ತಾಯಿಯಾದವಳನ್ನು ಮಕ್ಕಳ ಹೆಸರಿನಿಂದಲೇ ಕರೆಯುತ್ತಾರೆ: ಬೊಟ್ ಕಿಬೆಟ್, ಅಂದರೆ ಕಿಬೆಟ್‌ನ ತಾಯಿ; ಬೊಟ್ ಚೆಲಿಮೊ; ಬೊಟ್ ಲಗಾಟ್.

ಬೊಟ್ ಕೆಮೊಯ್ ಎಂದು ಮಾತ್ರ ಯಾರೂ ಯಾರನ್ನೂ ಕರೆದಿರಲಿಲ್ಲ. ಕೆಮೊಯ್‌ನ ತಾಯಿ ಕಬೋನ್ ಅವನನ್ನು ಹೆತ್ತ ರಾತ್ರಿಯೇ ತೀರಿಕೊಂಡಳು. ಮಿಷನ್ ಆಸ್ಪತ್ರೆಯ ದಾದಿ ದೀಪ ಹಿಡಿದುಕೊಂಡು ಬಂದು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಪಾಪ, ಆ ದಾದಿ ಮಗುವನ್ನು ಬೆಚ್ಚಗೆ ಸುತ್ತಿ, ಗಡಿಯಾರ ನೋಡಿ, ಹನ್ನೆರಡು ಕಳೆದದ್ದರಿಂದ ಹದಿನೈದನೆಯ ತಾರೀಖೆಂದು ಬರೆದುಕೊಂಡು ಹೋದಳು. ಊರಿನ ಲೆಕ್ಕದಲ್ಲಿ ದನಗಳು ಇನ್ನೂ ಹೊರಟಿರಲಿಲ್ಲ. ಮಗುವಿನ ತಂದೆ ಕೆಲವು ತಿಂಗಳುಗಳ ಮೇಲೆ ಚಹಾ ತೋಟದ ಕೆಲಸಕ್ಕೆಂದು ಹೋಗಿ ಅಲ್ಲಿಯೇ ಬೇರೆ ಸಂಸಾರ ಹೂಡಿದನು. ಕೂಸನ್ನು ಉಳಿಸಿದವರು ಅಂದೇ ಹೆತ್ತಿದ್ದ ಮೂವರು ತಾಯಂದಿರು. ತಪ್ಕಿಗೆನ್ ಅದನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಕಾಲ ಹಾಲು ಕೊಟ್ಟವಳು ಬೊಟ್ ಲಗಾಟ್. ಅವಳ ನಾಲಿಗೆ ಮಾತ್ರ ಎಲ್ಲರಿಗಿಂತ ಚುರುಕು.

ಕೆಮೊಯ್‌ಗೆ ಇಪ್ಪತ್ತಾರು ತುಂಬುವ ವರ್ಷ ಮೂವರು ಆಟಗಾರರೂ ಹೊರನಾಡಿನಿಂದ ಪದಕ ತಂದರು. ಹುಟ್ಟಿದ ದಿನದಂದೇ ಮೂವರನ್ನೂ ಒಟ್ಟಿಗೆ ಬರಮಾಡಿಕೊಳ್ಳಬೇಕೆಂದು ಊರು ತೀರ್ಮಾನಿಸಿತು. ಶಾಲೆಯ ಮೈದಾನದ ಗೋಡೆಯ ಮೇಲೆ 'ಆಗಸ್ಟ್ ಹದಿನಾಲ್ಕರಂದು ಹುಟ್ಟಿದವರು' ಎಂದು ಬರೆಸಿ ಕೆಳಗೆ ಮೂರು ಹೆಸರು ಬರೆಸಿದರು. ಊರಿನ ಚೀಫ್ ಕಿಮೊಸೊಪ್ ಮುಂದೆ ನಿಂತು ಬರೆಸುತ್ತಿದ್ದಾಗ ಕೆಮೊಯ್ ಹಾಲು ಮುಟ್ಟಿಸಿ ಹಿಂದಿರುಗುತ್ತಿದ್ದನು.

"ನಿನ್ನದು ಹದಿನೈದು ಅಲ್ವೇನೋ?" ಎಂದನು ಕಿಮೊಸೊಪ್. "ಮರುದಿನಕ್ಕೆ ನಿನಗೇ ಬೇರೆ ಗೋಡೆ ಕಟ್ಟಿಸ್ತೀನಿ ಬಿಡು."

"ಬೇಡ ಯಜಮಾನ್ರೇ. ನನ್ನ ಹೆಸರು ಬರೆದರೆ ದನ ಬಂದು ಮೈ ಉಜ್ಜುತ್ತೆ. ಹಾಲಿನ ವಾಸನೆ ಅವಕ್ಕೆ ಗೊತ್ತು," ಎಂದನು ಕೆಮೊಯ್. ಬಣ್ಣ ಬಳಿಯುವವನೂ ನಕ್ಕನು.

ಗೋಡೆಯ ವಿಷಯದಲ್ಲಿ ಅವನಿಗೆ ನಿಜವಾಗಿಯೂ ಬೇಸರವಿರಲಿಲ್ಲ. ಆದರೆ ಚೀಫ್ ಹೇಳಿದ ಇನ್ನೊಂದು ಮಾತು ಅವನ ಎದೆಯಲ್ಲಿ ಕುಳಿತುಬಿಟ್ಟಿತು. "ಆ ದಿನ ಹೆತ್ತ ತಾಯಂದಿರನ್ನೂ ವೇದಿಕೆಗೆ ಕರೀತೀವಿ. ಮೂವರೂ ಮೂರು ಬುರುಡೆ ಹಿಡಿದು ಬರಲಿ." ಆ ದಿನ ಹೆತ್ತವರು ನಾಲ್ವರು. ಒಬ್ಬಳ ಹೆಸರು ಇದುವರೆಗೆ ಯಾವ ಕೂಟದಲ್ಲಿಯೂ ಬಂದಿರಲಿಲ್ಲ. ಈ ದಿನವೂ ಬರದಿದ್ದರೆ ಮುಂದೆ ಬರುವ ದಿನವೇ ಇಲ್ಲವೆಂದು ಅವನಿಗೆ ಅನ್ನಿಸಿತು. ಹೋಗಿ ಕೇಳೋಣವೆಂದರೆ, ತನ್ನ ತಾಯಿಯ ಹೆಸರನ್ನು ಹೇಳಿ ಎಂದು ಬೇಡುವುದು ಹೇಗೆ?

ಮೂರು ಬುರುಡೆಗಳೂ ಅವನ ಗುಡಿಸಲಿಗೆ ಬಂದವು. ಎರಡಕ್ಕೆ ಹಾಲು ತುಂಬಿಯಾಯಿತು. ಬೊಟ್ ಲಗಾಟ್‌ಳದು ಹಳೆಯ ಬುರುಡೆ, ಅವಳ ತಾಯಿ ಕೊಟ್ಟದ್ದು. ಕತ್ತಿನ ಬಳಿ ಬಿರುಕು ಬಿಟ್ಟಿದ್ದಕ್ಕೆ ಹಿಂದೆಯೇ ನಾರಿನಿಂದ ಹೊಲಿಗೆ ಹಾಕಿ ಮಣಿ ಪೋಣಿಸಿದ್ದರು. ಕೆಮೊಯ್ ಕೆಂಡದ ಕಡ್ಡಿಯನ್ನು ಒಳಗೆ ಆಡಿಸುತ್ತಿದ್ದಂತೆ ಹೊಲಿಗೆ ಬಿಟ್ಟು, ಬಿರುಕು ಹೊಟ್ಟೆಯ ತನಕ ಇಳಿಯಿತು. ಇನ್ನು ಅದು ಹಾಲು ಹಿಡಿಯುವಂತಿರಲಿಲ್ಲ. ಹಾಲು ಹದವಾಗಲು ಒಂದು ವಾರವಾದರೂ ಬೇಕು, ಉಳಿದಿದ್ದದ್ದೂ ಅಷ್ಟೇ.

ಕಣ್ಣು ಮಂಜಾಗಿ ಒಲೆಯ ಬಳಿ ಕುಳಿತಿದ್ದ ತಪ್ಕಿಗೆನ್ ಸದ್ದು ಕೇಳಿ, "ಹೋಯ್ತಾ?" ಎಂದಳು.

"ಹೋಯ್ತು, ಕೊಗೊ," ಎಂದನು ಕೆಮೊಯ್. ಅಜ್ಜಿಯನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

ಅವಳು ಗದ್ದವನ್ನೆತ್ತಿ ಮಾಡಿನ ಕಡೆಗೆ ತೋರಿಸಿದಳು. ಅಲ್ಲಿ ಹೊಗೆ ಹಿಡಿದು ಕಪ್ಪಾದ ಇನ್ನೊಂದು ಸೋರೆಬುರುಡೆ ತೂಗುತ್ತಿತ್ತು. ಕಬೋನ್ ಮದುವೆಯಾಗಿ ಬರುವಾಗ ತಂದದ್ದು. ಅವಳು ಹೋದ ಮೇಲೆ ಯಾರೂ ಅದನ್ನು ಇಳಿಸಿರಲಿಲ್ಲ.

"ಅದನ್ನ ಇಳಿಸು. ಒಳ್ಳೆ ಬುರುಡೆ ಅದು. ಆದರೆ ಕುಡಿಯೋನು ಲಗಾಟ್. ಮೊದಲು ಅವನ ತಾಯಿಯನ್ನ ಕೇಳು."

ಕೆಮೊಯ್ ಒಡೆದ ಬುರುಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೊಟ್ ಲಗಾಟ್‌ಳ ಮನೆಗೆ ಹೋದನು. ಅವಳು ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಬಟ್ಟೆ ಬಿಚ್ಚಿ ನೋಡಿದವಳೇ ಸೊಪ್ಪನ್ನು ಪಕ್ಕಕ್ಕೆ ತಳ್ಳಿದಳು.

"ಗಂಡಸಿನ ಕೈಗೆ ಬುರುಡೆ ಕೊಟ್ಟೆ ನೋಡು, ನನಗೆ ಬುದ್ಧಿ ಎಲ್ಲಿ ಹೋಗಿತ್ತು! ನಮ್ಮವ್ವ ಕೊಟ್ಟಿದ್ದು ಕಣೋ ಇದು!"

"ತಪ್ಪಾಯ್ತು, ಅವ್ವ."

"ತಪ್ಪಾಯ್ತಂತೆ! ಮೊಲೆ ಕುಡಿಯುವಾಗಲೂ ಹೀಗೇ, ಕಚ್ಚಿಬಿಟ್ಟು ಮುಖ ನೋಡ್ತಿದ್ದೆ. ಈಗೇನು ಮಾಡೋದು? ನನ್ನ ಮಗ ಏನು ಪ್ಲಾಸ್ಟಿಕ್ ಡಬ್ಬದಲ್ಲಿ ಕುಡಿಯಬೇಕಾ?"

"ನಮ್ಮವ್ವನ ಬುರುಡೆ ಇದೆ," ಎಂದನು ಕೆಮೊಯ್.

ಬೊಟ್ ಲಗಾಟ್ ಅವನನ್ನು ನೋಡಿದಳು. ಅವಳ ದನಿ ಇಳಿಯಿತು. "ಹೋದವಳ ಬುರುಡೆಯಿಂದ ಕುಡಿಸಿದರೆ ಜನ ಏನಂತಾರೋ? ಅವನಿಗೆ ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ. ಗುದ್ದಾಟ ಅಂದರೆ ಓಟದ ಹಾಗಲ್ಲ, ತಲೆಗೇ ಬೀಳುತ್ತೆ. ನನಗೆ ಭಯ ಆಗುತ್ತಪ್ಪ."

"ಹಾಗಾದರೆ ಬೇಡ, ಅವ್ವ."

"ಬೇಡ ಅಂದೆನೇನು ನಾನು? ಭಯ ಅಂದೆ. ನಮ್ಮ ತಂಗಿ ಹತ್ರ ಒಂದು ಬುರುಡೆ ಇದೆ, ವಿಚಾರಿಸ್ತೀನಿ. ನೋಡೋಣ, ನಡಿ."

'ನೋಡೋಣ' ಎಂಬುದನ್ನು ಕೆಮೊಯ್ ಒಪ್ಪಿಗೆಯೆಂದುಕೊಳ್ಳಲಿಲ್ಲ, ನಿರಾಕರಣೆಯೆಂದೂ ತಿಳಿಯಲಿಲ್ಲ. ಮನೆಗೆ ಬಂದು ತಾಯಿಯ ಬುರುಡೆಯನ್ನು ಇಳಿಸಿದನು. ಒಳಗಿನ ಹಳೆಯ ಕರಿ ಗಟ್ಟಿಯಾಗಿ ಚಕ್ಕೆ ಕಟ್ಟಿತ್ತು. ಬಿಸಿನೀರು ಹಾಕಿ, ತಾಳೆಗರಿಯ ಕುಂಚದಿಂದ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ತಿಕ್ಕಿದನು. ಆಮೇಲೆ ಕೆಂಡ ಆಡಿಸಿ ಹಾಲು ತುಂಬಿದನು. ಬುರುಡೆ ಒಂದು ಹನಿಯನ್ನೂ ಬಿಡಲಿಲ್ಲ.

ಹದಿನಾಲ್ಕರ ಬೆಳಗ್ಗೆ ಬೊಟ್ ಲಗಾಟ್ ತಾನೇ ಬಂದಳು. ತಂಗಿಯ ಬುರುಡೆಯ ಮಾತೇ ಎತ್ತಲಿಲ್ಲ. ಕಬೋನ್‌ಳ ಬುರುಡೆಯ ಮುಚ್ಚಳ ತೆಗೆದು ಮೂಸಿದಳು. ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದಳು. ತಪ್ಕಿಗೆನ್ ಕಿವಿ ನಿಮಿರಿಸಿಕೊಂಡು ಕುಳಿತಿದ್ದಳು.

"ಹೇಗಿದೆ?"

"ಹುಳಿ ಸ್ವಲ್ಪ ಮುಂದಿದೆ," ಎಂದಳು ಬೊಟ್ ಲಗಾಟ್. "ಅವಳಿಗೂ ಹಾಗೇ ಇಷ್ಟ ಇತ್ತು." ಮುಚ್ಚಳ ಬಿಗಿದು, ಬುರುಡೆಯನ್ನು ಎದೆಗಾನಿಸಿಕೊಂಡು ಹೊರಟುಹೋದಳು.

ಮಧ್ಯಾಹ್ನ ಮೈದಾನ ತುಂಬಿತು. ಚೆಲಿಮೊ ಎಲ್ಲರಿಗಿಂತ ಎತ್ತರವಾಗಿ ಕಾಣುತ್ತಿದ್ದಳು. ಕಿಬೆಟ್ ಕುಳಿತಲ್ಲಿಯೇ ಕಾಲು ಕುಣಿಸುತ್ತಿದ್ದನು. ಲಗಾಟ್‌ನ ಹುಬ್ಬಿನ ಮೇಲೆ ಹೊಸ ಗಾಯದ ಪಟ್ಟಿಯಿತ್ತು. ಕೆಮೊಯ್ ವೇದಿಕೆಯ ಹಿಂದೆ ಲೋಟ ತೊಳೆಯುವ ತೊಟ್ಟಿಯ ಬಳಿ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಪಕ್ಕದಲ್ಲಿ ನಿಂತನು. ಅವನ ಜೀವವೆಲ್ಲ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಲಗಾಟ್ 'ಯಾರ ಬುರುಡೆ?' ಎಂದು ಕೇಳಲೇಬೇಕು, ಅವನ ತಾಯಿ ಉತ್ತರ ಹೇಳಲೇಬೇಕು. ಕಟ್ಟಳೆಯೇ ಹಾಗಿದೆ.

ಆದರೆ ದೊಡ್ಡ ಊರಿನಿಂದ ಬಂದಿದ್ದ ಅತಿಥಿಗೆ ಬೇರೆ ಕಡೆಗೂ ಹೋಗಬೇಕಾಗಿತ್ತು. ಭಾಷಣಗಳು ಉದ್ದವಾಗಿದ್ದವು. ಕಿಮೊಸೊಪ್ ಧ್ವನಿವರ್ಧಕ ಹಿಡಿದು, "ಹೊತ್ತಾಯ್ತು. ತಾಯಂದಿರ ಹೆಸರು ನಾನೇ ಹೇಳಿಬಿಡ್ತೀನಿ: ಬೊಟ್ ಚೆಲಿಮೊ, ಬೊಟ್ ಕಿಬೆಟ್, ಬೊಟ್ ಲಗಾಟ್. ಇನ್ನು ಕೇಳೋದು ಹೇಳೋದು ಬೇಡ, ಕುಡಿಸ್ತಾ ಬನ್ನಿ," ಎಂದನು.

ಕೆಮೊಯ್ ತೊಟ್ಟಿಯಲ್ಲಿದ್ದ ಲೋಟವೊಂದನ್ನು ಎತ್ತಿಕೊಂಡು ತೊಳೆಯತೊಡಗಿದನು. ಅದು ಆಗಲೇ ತೊಳೆದ ಲೋಟವಾಗಿತ್ತು.

ಚೆಲಿಮೊ ಕುಡಿದಳು. ಜನ ಕೂಗಿದರು. ಕಿಬೆಟ್ ಕುಡಿದನು. ಬೊಟ್ ಲಗಾಟ್ ಮುಂದೆ ಬಂದು ಮಗನ ಬಾಯಿಗೆ ಬುರುಡೆಯನ್ನೆತ್ತಿದಳು. ಲಗಾಟ್ ಬಾಯಿ ತೆರೆಯಲಿಲ್ಲ. ಅವನು ಬುರುಡೆಯ ಕತ್ತನ್ನು ನೋಡುತ್ತಿದ್ದನು. ಚಿಕ್ಕಂದಿನಿಂದ ಕಂಡಿದ್ದ ಹೊಲಿಗೆ ಅಲ್ಲಿರಲಿಲ್ಲ, ಮಣಿಗಳೂ ಇರಲಿಲ್ಲ.

"ಅವ್ವ, ಇದು ಯಾರ ಬುರುಡೆ?"

"ಕುಡಿಯಪ್ಪ, ಹೊತ್ತಾಗುತ್ತೆ," ಎಂದನು ಕಿಮೊಸೊಪ್.

"ಯಾರದು ಅಂತ ಗೊತ್ತಾಗದೆ ಹೇಗೆ ಕುಡೀಲಿ, ಯಜಮಾನ್ರೇ? ನಮ್ಮ ಮನೇದಲ್ಲ ಇದು."

ಬೊಟ್ ಲಗಾಟ್ ಒಂದು ಕೈಯಲ್ಲಿ ಬುರುಡೆ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿದಳು. ಚೀಫ್ ಧ್ವನಿವರ್ಧಕವನ್ನು ಕೊಟ್ಟನು; ಕೊಡದಿದ್ದರೆ ಅವಳು ಕಿತ್ತುಕೊಳ್ಳುತ್ತಿದ್ದಳು.

"ಇದು ಬೊಟ್ ಕೆಮೊಯ್‌ದು," ಎಂದಳು. ದನಿಯೇರಿಸಿ ಮತ್ತೆ ಹೇಳಿದಳು. "ಬೊಟ್ ಕೆಮೊಯ್! ಆ ದಿನ ನಾವು ನಾಲ್ಕು ಜನ ಹೆತ್ತಿದ್ವಿ. ಒಬ್ಬಳಿಗೆ ಬರೋಕೆ ಆಗಲಿಲ್ಲ, ಬುರುಡೆ ಕಳಿಸಿದ್ದಾಳೆ."

ಜನ ಕೂಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕಿಯರು ಆ ಹೆಸರನ್ನು ತಾವೂ ಒಮ್ಮೊಮ್ಮೆ ಹೇಳಿಕೊಂಡರು. ವೇದಿಕೆಯ ಹಿಂದೆ ತಪ್ಕಿಗೆನ್ ಮೊಮ್ಮಗನ ಅಂಗಿಯ ತುದಿಯನ್ನು ಹುಡುಕಿ ಹಿಡಿದುಕೊಂಡಳು. ಲಗಾಟ್ ಬುರುಡೆಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಕುಡಿದನು.

"ಎಲ್ಲಿ ಅವನು?" ಎಂದು ಬೊಟ್ ಲಗಾಟ್‌ಳ ದನಿ ಮೈದಾನದ ತುಂಬ ಕೇಳಿಸಿತು. "ಕೆಮೊಯ್! ಅಡಗಿಕೊಂಡಿದ್ದೀಯಾ? ಬಾ ಇಲ್ಲಿ!"

ಅವನು ಒದ್ದೆ ಕೈಗಳನ್ನು ಷರಾಯಿಗೆ ಒರೆಸಿಕೊಳ್ಳುತ್ತಾ ಮೆಟ್ಟಿಲ ಬಳಿ ಬಂದು ನಿಂತನು. "ಬರಮಾಡಿಕೊಳ್ಳೋದು ಹೋಗಿ ಬಂದೋರನ್ನ, ಅವ್ವ. ನಾನು ಎಲ್ಲಿಗೂ ಹೋಗೇ ಇಲ್ಲವಲ್ಲ."

"ಆ ದಿನ ನೀನೂ ಬಂದವನೇ ಕಣೋ. ಮಾತು ಸಾಕು, ಬಾಯಿ ತೆಗಿ."

ಅವನು ಕುಡಿದನು. ಎಷ್ಟೋ ಮಂದಿಗೆ ಮಾಡಿಕೊಟ್ಟಿದ್ದ ಹಾಲನ್ನು ಅಷ್ಟು ಜನರ ಮುಂದೆ ಅವನು ಕುಡಿದದ್ದು ಅದೇ ಮೊದಲು. ಹುಳಿ ನಿಜವಾಗಿಯೂ ಸ್ವಲ್ಪ ಮುಂದಿತ್ತು. ಚೆಲಿಮೊ ಅವನ ಗದ್ದದ ಮೇಲೆ ಇಳಿದಿದ್ದ ಕರಿಯನ್ನು ತೋರಿಸಿ, "ಹಾಲು ಹೊರೋದು ಕಲಿತೆ, ಕುಡಿಯೋದು ಇನ್ನೂ ಕಲೀಲಿಲ್ಲ," ಎಂದಾಗ ಜನ ಒಮ್ಮೆಲೇ ನಕ್ಕರು, ಆಮೇಲೆ ಕೂಗಿದರು.

ಮುಂದಿನ ತಿಂಗಳ ಪಂದ್ಯದಲ್ಲಿ ಲಗಾಟ್ ಅಂಕಗಳ ಮೇಲೆ ಸೋತನು. ತಲೆಗೆ ಏನೂ ಆಗಲಿಲ್ಲ. ಬೊಟ್ ಲಗಾಟ್ ಅದಕ್ಕೆ ಬುರುಡೆಯನ್ನು ದೂರಲಿಲ್ಲ, ತೀರ್ಪುಗಾರರನ್ನು ಬೈದಳು. ಗೋಡೆಯ ಮೇಲೆ ಈಗಲೂ ಮೂರೇ ಹೆಸರುಗಳಿವೆ. ದನಗಳು ಬಂದು ಮೈ ಉಜ್ಜಿ ಒಂದು ಹೆಸರಿನ ಅರ್ಧ ಬಣ್ಣ ಹೋಗಿದೆ.

ಕಬೋನ್‌ಳ ಬುರುಡೆ ಮತ್ತೆ ಮಾಡಿಗೆ ಏರಲಿಲ್ಲ. ಒಮ್ಮೆ ಮಾಡಿನ ಹೊಗೆಯಿಂದ ಇಳಿಸಿ ಹದಮಾಡಿದ ಬುರುಡೆಯನ್ನು ಬರಿದಾಗಿ ಬಿಟ್ಟರೆ ಬಿರಿಯುತ್ತದೆ; ಆದ್ದರಿಂದ ಕೆಮೊಯ್ ಅದು ಖಾಲಿಯಾದಾಗಲೆಲ್ಲ ಮತ್ತೆ ತುಂಬಿಡುತ್ತಾನೆ. ನೆರೆಯವರು ಬೇಕಾದಾಗ ಮಕ್ಕಳನ್ನು ಕಳುಹಿಸಿ, "ಬೊಟ್ ಕೆಮೊಯ್‌ದರಲ್ಲಿ ಇದ್ದರೆ ಒಂದು ಲೋಟ ಕೊಡಬೇಕಂತೆ," ಎಂದು ಹೇಳಿಸುತ್ತಾರೆ. ಅವನು ಬುರುಡೆಯನ್ನು ಚೆನ್ನಾಗಿ ಕುಲುಕಿ ಕೊಡುತ್ತಾನೆ.