ಜೆಟ್ ದೇವೇಂದ್ರನ ರಾಹುಕಾಲ

ಬಾಳ್ಳುಪೇಟೆ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಗಿಡಗಳಿಗೆ ನೀರು ಚಿಮ್ಮಿಸುವ ಜೆಟ್ ನೋಡಿಕೊಳ್ಳುವವನು ದೇವೇಂದ್ರ. ಮೊಗ್ಗು ಕಟ್ಟಿದ ಮೇಲೆ ಮೂರು ಗಂಟೆಗೊಮ್ಮೆ ಪೈಪು ಬಿಚ್ಚಿ ಮುಂದಿನ ಸಾಲಿಗೆ ಹೊರಬೇಕು. ತಪ್ಪಿದರೆ ಇಲ್ಲಿ ಕೆಸರು, ಅಲ್ಲಿ ಒಣಮೊಗ್ಗು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದವನಲ್ಲ. ಇಂಥವನಿಗೆ ಓಡಿಹೋಗಿ ಮದುವೆಯಾಗುವುದು ಒಗ್ಗುತ್ತದೆಯೇ ಹೇಳಿ!

ಆದರೂ ಓಡಿಹೋದ. ಹುಡುಗಿ ಆಶಾ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಯ್ಯನ ಮಗಳು. "ಪೈಪ್ ಹೊರೋನಿಗೆ ಹೆಣ್ಣು ಕೊಡಾಕಿಲ್ಲ" ಎಂದು ಸಿದ್ದಯ್ಯ ಕಡ್ಡಿ ಮುರಿದಂತೆ ಹೇಳಿದ್ದ. ಸರಿ, ಒಂದು ಬುಧವಾರ ಹತ್ತಕ್ಕೆ ಮೋಟರ್ ಹಾಕಿದ ದೇವೇಂದ್ರ ಸ್ನಾನ ಮಾಡಿದ. ಆಶಾ ಅಪ್ಪನಿಗೆ ಚೀಟಿ ಬರೆದಿಟ್ಟು ಬಂದಳು. ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಾರನಹಳ್ಳಿಯ ಗುಡಿಗೆ ಹೊರಟ. ಹನ್ನೆರಡರೊಳಗೆ ತಾಳಿ, ಒಂದಕ್ಕೆ ಜೆಟ್ಟಿನ ಹತ್ತಿರ ವಾಪಸ್. ಪುಣ್ಯಾತ್ಮನ ಲೆಕ್ಕ ಅದು!

ತಲುಪುವಷ್ಟರಲ್ಲಿ ಹನ್ನೆರಡು ದಾಟಿತ್ತು.

"ರಾಹುಕಾಲ ಕಣಪ್ಪ. ಒಂದೂವರೆ ಮೇಲೆ ಕಟ್ಟು" ಎಂದರು ಪೂಜಾರರು.

ದೇವೇಂದ್ರ ಬೆವರತೊಡಗಿದ.

"ಅಪ್ಪಂಗೆ ಹೆದರ್ಕಂಡ್ಯಾ?" ಎಂದಳು ಆಶಾ.

"ಇಲ್ಲ ಕಣೇ, ಒಂದು ಗಂಟೆಗೆ ಜೆಟ್ ಬದಲಾಯಿಸ್ಬೇಕು."

"ನಂಗಿಂತ ಮೊಗ್ಗು ಹೆಚ್ಚಾಯ್ತಾ ನಿಂಗೆ?"

ದೇವೇಂದ್ರ ವಾಚು ನೋಡಿಕೊಂಡ. ವಾಪಸ್ ಹೋಗಿ ಸಿಕ್ಕಿಬಿದ್ದರೆ ಆಶಾ ಈ ಜನ್ಮಕ್ಕೆ ಸಿಗುವುದಿಲ್ಲ. ಹೋಗದಿದ್ದರೆ ಒಂದು ಸಾಲಿನ ಮೊಗ್ಗೆಲ್ಲ ಹಾಳು. ಅವನ ಪೆಚ್ಚು ಮುಖ ನೋಡಿ ಆಶಾಗೆ ಸಿಟ್ಟೂ ಬಂತು, ಮುದ್ದೂ ಬಂತು. "ಹಾಳಾದೋನೇ" ಎಂದು ಬೈದು, ಸೆರಗು ಸಿಕ್ಕಿಸಿ, ಬೈಕ್ ಹತ್ತಿದಳು. "ನಡಿ, ಇಬ್ರೂ ಹೊತ್ರೆ ಬೇಗ ಆಯ್ತದೆ."

ಇಬ್ಬರೂ ಪೈಪಿನ ಒಂದೊಂದು ತುದಿ ಹೊತ್ತು ಸಾಲಿನಲ್ಲಿ ನಡೆಯುತ್ತಿದ್ದಾಗ ಎದುರಿಗೇ ಸಿದ್ದಯ್ಯ. ಕೈಯಲ್ಲಿ ಚೀಟಿ. ದೇವೇಂದ್ರ ನಿಂತ. ಪೈಪನ್ನು ಮಾತ್ರ ಇಳಿಸಲಿಲ್ಲ.

"ಮದ್ವೆ ಆಯ್ತೇನೋ?"

"ಇಲ್ಲ ರೈಟರೇ. ಅಷ್ಟರಲ್ಲಿ ಜೆಟ್ ಟೈಮ್ ಆಗ್ಬುಡ್ತು."

ಸಿದ್ದಯ್ಯ ಅವನನ್ನೇ ದಿಟ್ಟಿಸಿದ. ಮಗಳ ರೇಷ್ಮೆ ಸೀರೆಗೆ ಮೆತ್ತಿದ ಕೆಸರನ್ನೂ ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ, ಮಗಳ ಹೆಗಲ ಮೇಲಿದ್ದ ಪೈಪನ್ನು ತನ್ನ ಹೆಗಲಿಗೆ ತೆಗೆದುಕೊಂಡ.

"ಮದ್ವೆ ಹೆಣ್ಣು ಇದ್ನೆಲ್ಲ ಹೊರಬಾರ್ದು, ಬುಡವ್ವ. ಹೋಗಿ ನಿಮ್ಮವ್ವಂಗೆ ರೆಡಿಯಾಗು ಅನ್ನು."